ಇದ್ದಷ್ಟರಲ್ಲಿ ಇಂಬುಗೊಳಿಸುವ ವಿದ್ಯೆ: ಹಳೆಯ ಗಣಕಯಂತ್ರದ ಸ್ಮೃತಿಯೂ ಮೋಡೆಮ್ ಚಾಲಕವೂ

ಪೀಠಿಕೆ

ಕನ್ನಡ ಪಂಡಿತನಾದವನು ಸಂಧಿ, ಸಮಾಸ, ಛಂದಸ್ಸುಗಳನ್ನು ಬಿಟ್ಟು ಗಣಕಯಂತ್ರದ ಒಳಗುಟ್ಟನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವುಂಟು. ತೊಂಬತ್ತರ ದಶಕದಲ್ಲಿ ನಮ್ಮ ಶಾಲೆಯ ಗ್ರಂಥಭಂಡಾರಕ್ಕೆ ದಾನಿಗಳೊಬ್ಬರಿಂದ ಒಂದು ಗಣಕಯಂತ್ರ ಬಂದಿತು. ಶ್ರೀಮಠದಲ್ಲಿದ್ದ ಕೆಲವು ತಾಡವೋಲೆಗಳ ಪಾಠವನ್ನು ನಾವು ನಾಲ್ಕಾರು ಮಂದಿ ಅಧ್ಯಾಪಕರು ಸಂಜೆಯ ಹೊತ್ತು ಕುಳಿತು, ಒಬ್ಬರು ಓದಿ ಹೇಳಿದುದನ್ನು ಇನ್ನೊಬ್ಬರು ಒತ್ತುತ್ತ, ಆ ಯಂತ್ರದಲ್ಲಿ ತುಂಬಿಸಿದ್ದೆವು. ಮೂಲದ ಗರಿಗಳಲ್ಲಿ ಹಲವು ಆಮೇಲೆ ಹುಳು ತಿಂದು ಪುಡಿಯಾದವು. ಆದುದರಿಂದ ಆ ಯಂತ್ರದೊಳಗಿನ ಪಾಠವೇ ಇಂದು ಮೂಲಕ್ಕೆ ಸಮಾನವಾಗಿದೆ.

ಕೆಲವು ಕಾಲದ ಹಿಂದೆ ಆ ಪಾಠವನ್ನು ಹೊರತೆಗೆಯಬೇಕೆಂದು ನೋಡಿದಾಗ ಯಂತ್ರದ ಫ್ಲಾಪಿ ಪೆಟ್ಟಿಗೆ ಕೆಟ್ಟುಹೋಗಿತ್ತು. ಪಕ್ಕದಲ್ಲಿ ಅದೇ ಕಾಲದ ಇನ್ನೊಂದು ಯಂತ್ರವಿತ್ತು. ಅದರ ಫ್ಲಾಪಿ ಸರಿಯಾಗಿತ್ತು. ಎರಡನ್ನೂ ತಂತಿಯಿಂದ ಜೋಡಿಸಿ ಪಾಠವನ್ನು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವುದೊಂದೇ ಉಳಿದ ದಾರಿಯಾಗಿತ್ತು. ಈ ತಂತಿ ಹೋಗುವುದು ಮೋಡೆಮ್ ಕೂರುವ ದ್ವಾರಕ್ಕೆ; ಇದಕ್ಕೆ ಬೇಕಾದುದು ಮೋಡೆಮ್ಮಿಗೆ ಬೇಕಾದ ಚಾಲಕವೇ. ಆದರೆ ಎರಡನೆಯ ಯಂತ್ರದಲ್ಲಿ ದಾಟಿಸುವ ತಂತ್ರಾಂಶವನ್ನು ಕರೆದೊಡನೆ ‘ಮೆಮೊರಿ ಸಾಲದು’ ಎಂಬ ಉತ್ತರ ಬಂದಿತು. ಆ ಯಂತ್ರದಲ್ಲಿದ್ದುದು ೪ ಮೆಗಾಬೈಟ್ ಸ್ಮೃತಿ. ತಂತ್ರಾಂಶ ಕೇಳಿದ್ದು ಅದರ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟಿದ್ದೂ ಸಾಲದೆಂದರೇನು? ಈ ಪ್ರಶ್ನೆಯ ಬೆನ್ನು ಹತ್ತಿ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರಿಂದ ನಾನು ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

೬೪೦ರ ಮೇರೆ

ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ೧೯೮೧ರ ಆಗಸ್ಟ್ ತಿಂಗಳಲ್ಲಿ ಹೊರಬಂದಿತು. ಅದರ ಮಿದುಳಾದ ಇಂಟೆಲ್ ೮೦೮೮ ಎಂಬ ಸಂಸ್ಕಾರಕಕ್ಕೆ ಸ್ಮೃತಿಯ ಮನೆಗಳನ್ನು ಗುರುತಿಸುವ ೨೦ ತಂತಿಗಳಿದ್ದವು. ಒಂದೊಂದು ತಂತಿಗೂ ಎರಡೆರಡು ಸ್ಥಿತಿ. ಎರಡನ್ನು ಇಪ್ಪತ್ತು ಸಲ ಗುಣಿಸಿದರೆ ೧೦,೪೮,೫೭೬. ಇಷ್ಟು ಬೈಟ್‌ಗಳ ಆಚೆ ಆ ಸಂಸ್ಕಾರಕಕ್ಕೆ ಲೋಕವೇ ಇಲ್ಲ. ಇದನ್ನು ೧೦೨೪ ಕಿಲೋಬೈಟ್ ಅಥವಾ ೧ ಮೆಗಾಬೈಟ್ ಎನ್ನುತ್ತಾರೆ.

ಈ ೧೦೨೪ರಲ್ಲಿ ಮೇಲಿನ ೩೮೪ ಕಿಲೋಬೈಟ್‌ಗಳನ್ನು ಯಂತ್ರ ನಿರ್ಮಿಸಿದವರು ತೆರೆಯ ಚಿತ್ರ, ಯಂತ್ರದಲ್ಲೇ ಅಚ್ಚೊತ್ತಿದ ಮೂಲಸೂಚನೆಗಳು ಮುಂತಾದುವಕ್ಕೆ ಕಾದಿರಿಸಿದರು. ಉಳಿದ ೬೪೦ ಮಾತ್ರ ಬಳಸುವವರ ಪಾಲಿಗೆ ಬಂದಿತು. ಮೊದಲ ಯಂತ್ರಗಳು ೧೬ ಅಥವಾ ೬೪ ಕಿಲೋಬೈಟ್ ಸ್ಮೃತಿಯೊಡನೆ ಮಾರಾಟವಾಗುತ್ತಿದ್ದ ಕಾಲದಲ್ಲಿ ೬೪೦ ಎಂಬುದು ಎಂದೂ ತುಂಬದ ಕಣಜದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕೆಲವೇ ವರ್ಷಗಳಲ್ಲಿ ಅದು ತುಂಬಿತು.

ಮುಂದೆ ಬಂದ ಸಂಸ್ಕಾರಕಗಳು ಹೆಚ್ಚಿನ ಸ್ಮೃತಿಯನ್ನು ಮುಟ್ಟಬಲ್ಲವಾದವು. ೧೯೮೪ರ ಎ.ಟಿ. ಯಂತ್ರದ ೮೦೨೮೬ಕ್ಕೆ ೧೬ ಮೆಗಾಬೈಟ್‌ವರೆಗೆ ಕೈ ಎಟಕುತ್ತಿತ್ತು. ಆದರೆ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೂ ಅದಕ್ಕಾಗಿ ಬರೆದ ತಂತ್ರಾಂಶಗಳೂ ಹಳೆಯ ೮೦೮೮ರ ನಡೆಯನ್ನೇ ನಂಬಿದ್ದವು. ಹೊಸ ಸಂಸ್ಕಾರಕವೂ ಡಾಸಿನ ಎದುರು ಹಳೆಯದರ ವೇಷ ಹಾಕಿಕೊಂಡೇ ನಿಲ್ಲಬೇಕಾಗಿತ್ತು. ನಮ್ಮ ೪ ಮೆಗಾಬೈಟ್ ಯಂತ್ರ ‘ಸಾಲದು’ ಎಂದದ್ದು ಈ ಕಾರಣದಿಂದ. ಮನೆಯ ಹಿಂದೆ ಎಷ್ಟು ದೊಡ್ಡ ಹಿತ್ತಲಿದ್ದರೇನು, ಬಂದವರೆಲ್ಲ ಪಡಸಾಲೆಯಲ್ಲೇ ಕೂರಬೇಕೆಂಬ ಕಟ್ಟಳೆಯಿದ್ದರೆ ಪಡಸಾಲೆ ತುಂಬಿದಾಗ ಮನೆ ತುಂಬಿದಂತೆಯೇ ಅಲ್ಲವೆ?

ಪಡಸಾಲೆಯ ಆಚೆಯ ಎಡೆಗಳು

ಆ ಕಟ್ಟಳೆಯನ್ನು ಮುರಿಯದೆಯೇ ಆಚೆಯ ಎಡೆಯನ್ನು ಬಳಸಿಕೊಳ್ಳಲು ತಜ್ಞರು ಕೆಲವು ಬಗೆಗಳನ್ನು ಕಂಡುಹಿಡಿದರು.

ಮೊದಲನೆಯದು ೧೯೮೫ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ರೂಪಿಸಿದ ‘ಎಕ್ಸ್‌ಪ್ಯಾಂಡೆಡ್ ಮೆಮೊರಿ’. ಮೇಲಿನ ೩೮೪ರಲ್ಲಿ ೬೪ ಕಿಲೋಬೈಟಿನ ಒಂದು ಕಿಟಕಿಯನ್ನು ತೆರೆದು, ಬೇರೆ ಹಲಗೆಯಲ್ಲಿರುವ ಸ್ಮೃತಿಯ ಪುಟಗಳನ್ನು, ಪುಟಕ್ಕೆ ೧೬ ಕಿಲೋಬೈಟಿನಂತೆ, ಬೇಕಾದಾಗ ಆ ಕಿಟಕಿಗೆ ತಂದು ತೋರಿಸುವುದು ಇದರ ಕ್ರಮ.

ಎರಡನೆಯದು ೧ ಮೆಗಾಬೈಟಿನ ಗಡಿಯನ್ನು ದಾಟಿದೊಡನೆ ಸಿಕ್ಕುವ ೬೫,೫೨೦ ಬೈಟ್‌ಗಳ ತುಂಡು. ೨೮೬ ಮತ್ತು ಅನಂತರದ ಸಂಸ್ಕಾರಕಗಳಲ್ಲಿ, ವಿಳಾಸ ಲೆಕ್ಕಹಾಕುವ ಪದ್ಧತಿಯ ಒಂದು ವಿಚಿತ್ರದಿಂದ, ಹಳೆಯ ವೇಷದಲ್ಲಿದ್ದಾಗಲೂ ಈ ತುಂಡನ್ನು ಮುಟ್ಟಬಹುದು. ‘ಹೈ ಮೆಮೊರಿ’ ಎಂದು ಇದಕ್ಕೆ ಹೆಸರು. ಡಾಸಿನ ಬಹುಭಾಗ ಇಲ್ಲಿಗೆ ಹೋಗಿ ಕೂರಬಲ್ಲದು.

ಮೂರನೆಯದು ಮೇಲಿನ ೩೮೪ರಲ್ಲೇ ಯಾರೂ ಬಳಸದೆ ಉಳಿದ ಸಂದುಗಳು. ೩೮೬ ಸಂಸ್ಕಾರಕಕ್ಕೆ ಒಂದೆಡೆಯ ಸ್ಮೃತಿಯನ್ನು ಇನ್ನೊಂದೆಡೆ ಇರುವಂತೆ ತೋರಿಸುವ ಶಕ್ತಿಯಿದೆ. ಇದರಿಂದ ಹಿತ್ತಲಿನ ಸ್ಮೃತಿಯನ್ನು ಈ ಸಂದುಗಳಿಗೆ ಹೊಂದಿಸಿ ಸಣ್ಣಪುಟ್ಟ ಚಾಲಕಗಳನ್ನು ಅಲ್ಲಿ ಇರಿಸಬಹುದು.

೧೯೯೦ರ ಡಿ.ಆರ್. ಡಾಸ್ ೫.೦, ೧೯೯೧ರ ಎಂ.ಎಸ್. ಡಾಸ್ ೫.೦ ಬಂದ ಮೇಲೆ ಈ ಸೌಕರ್ಯಗಳು ವ್ಯವಸ್ಥೆಯಲ್ಲೇ ಸೇರಿದವು. ಎಂ.ಎಸ್. ಡಾಸಿನಲ್ಲಿ ಯಂತ್ರ ಏಳುವಾಗ ಓದುವ ‘ಕಾನ್ಫಿಗ್’ ಕಡತದಲ್ಲಿ ಮೊದಲು ‘ಹೈಮೆಮ್’, ಅದರ ಬಳಿಕ ‘ಇಎಂಎಂ೩೮೬’ ಎಂಬ ಸ್ಮೃತಿಪಾಲಕಗಳನ್ನು ಕರೆದು, ಡಾಸನ್ನು ಮೇಲೆ ಕೂರಿಸುವಂತೆಯೂ ಸಂದುಗಳನ್ನು ತೆರೆಯುವಂತೆಯೂ ಒಂದು ಸಾಲು ಬರೆಯಬೇಕು. ಹೈಮೆಮ್ ಬರುವ ಮೊದಲು ಇಎಂಎಂ೩೮೬ ಬಂದರೆ ಕೆಲಸ ನಡೆಯದು. ಇವೆರಡೂ ಬರುವ ಮೊದಲು ಬಂದ ಚಾಲಕಗಳು ಸಂದುಗಳಿಗೆ ಹೋಗಲಾರವು. ವ್ಯಾಕರಣದಲ್ಲಿ ಒಂದು ಸೂತ್ರ ಹಿಂದಿನ ಸೂತ್ರದ ಅನುವೃತ್ತಿಯನ್ನು ನಂಬಿರುವಂತೆ ಇಲ್ಲಿಯೂ ಪೂರ್ವಾಪರ ಕ್ರಮವೇ ಪ್ರಾಣ.

ಮೋಡೆಮ್ ಮತ್ತು ಅದರ ಚಾಲಕ

ದೂರವಾಣಿಯ ತಂತಿ ಮನುಷ್ಯನ ದನಿಗಾಗಿ ಆದದ್ದು. ಗಣಕಯಂತ್ರದ ಸಂಕೇತಗಳನ್ನು ದನಿಯಾಗಿ ಮಾರ್ಪಡಿಸಿ ಕಳುಹಿಸಿ, ಆ ತುದಿಯಲ್ಲಿ ದನಿಯನ್ನು ಮತ್ತೆ ಸಂಕೇತವಾಗಿಸುವ ಪೆಟ್ಟಿಗೆಯೇ ಮೋಡೆಮ್. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ತಲೆಗಳನ್ನು ಸೇರಿಸಿ ಈ ಹೆಸರು ಮಾಡಿದ್ದಾರೆ. ೧೯೮೧ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಸೆಕೆಂಡಿಗೆ ೩೦೦ ಬಿಟ್‌ಗಳನ್ನು, ಎಂದರೆ ಸುಮಾರು ೩೦ ಸಂಕೇತಗಳನ್ನು, ದಾಟಿಸುತ್ತಿತ್ತು. ‘ಎ.ಟಿ.’ ಎಂದು ಮೊದಲಾಗುವ ಅದರ ಆಜ್ಞೆಗಳನ್ನು ಮುಂದೆ ಇತರ ತಯಾರಕರೂ ಅನುಸರಿಸಿದರು. ಮಾತಿನ ನಡುವೆ ಅದರ ಗಮನ ಸೆಳೆಯಬೇಕಾದರೆ ಒಂದು ಸೆಕೆಂಡು ಮೌನವಾಗಿದ್ದು, ಮೂರು ಕೂಡುಗುರುತುಗಳನ್ನು ಕಳುಹಿಸಿ, ಮತ್ತೆ ಒಂದು ಸೆಕೆಂಡು ಮೌನವಾಗಿರಬೇಕು. ಪದ್ಯದಲ್ಲಿ ಯತಿಗೆ ಅರ್ಥವಿರುವಂತೆ ಅಲ್ಲಿ ಮೌನಕ್ಕೂ ಅರ್ಥವಿದೆ.

ನಮ್ಮ ದೇಶದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ತೆರೆದಾಗ ಸಾಮಾನ್ಯ ಚಂದಾದಾರರು ಮೋಡೆಮ್ಮಿನ ಮೂಲಕವೇ ಅದನ್ನು ಮುಟ್ಟಬೇಕಾಗಿತ್ತು.

ಮೋಡೆಮ್ ಕೂರುವ ಸರಣಿ ದ್ವಾರದ ಒಳಗೆ ‘ಯು.ಎ.ಆರ್.ಟಿ.’ ಎಂಬ ಬಿಲ್ಲೆಯಿದೆ. ಒಂದರ ಹಿಂದೊಂದು ಬರುವ ಬಿಟ್‌ಗಳನ್ನು ಕೂಡಿಸಿ ಒಂದು ಸಂಕೇತವನ್ನಾಗಿ ಮಾಡಿ, ‘ಬಂದಿದೆ, ಎತ್ತಿಕೊ’ ಎಂದು ಅದು ಸಂಸ್ಕಾರಕಕ್ಕೆ ಗಂಟೆ ಬಾರಿಸುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುವರು. ಮೊದಲ ಯಂತ್ರಗಳ ೮೨೫೦ ಬಿಲ್ಲೆ ಒಂದೇ ಒಂದು ಸಂಕೇತವನ್ನು ಕೈಯಲ್ಲಿ ಹಿಡಿದಿರಬಲ್ಲದು. ಮುಂದಿನದು ಪೂರ್ತಿಯಾಗಿ ಬರುವುದರೊಳಗೆ ಸಂಸ್ಕಾರಕ ಮೊದಲಿನದನ್ನು ಎತ್ತಿಕೊಳ್ಳದಿದ್ದರೆ ಅದು ಹೋಯಿತು. ಅನಂತರದ ೧೬೫೫೦ಎ ಎಂಬ ಬಿಲ್ಲೆಯಲ್ಲಿ ೧೬ ಸಂಕೇತಗಳಿಗೆ ಎಡೆಯಿದೆ.

ಇನ್ನೊಂದು ತೊಡಕು ಈ ಗಂಟೆಯದು. ಮಾಮೂಲಿನ ಏರ್ಪಾಟಿನಲ್ಲಿ ೧ನೆಯ ಮತ್ತು ೩ನೆಯ ಸರಣಿ ದ್ವಾರಗಳಿಗೆ ಒಂದೇ ಗಂಟೆ, ೨ನೆಯ ಮತ್ತು ೪ನೆಯ ದ್ವಾರಗಳಿಗೆ ಇನ್ನೊಂದು. ಮೌಸನ್ನು ೧ರಲ್ಲಿಯೂ ಮೋಡೆಮನ್ನು ೩ರಲ್ಲಿಯೂ ಇಟ್ಟರೆ, ಮೌಸ್ ಅಲುಗಿದಾಗ ಮೋಡೆಮ್ ಮೂಕವಾಗುವುದುಂಟು. ಎಷ್ಟೋ ಮಂದಿ ಇದನ್ನು ಮೋಡೆಮ್ಮಿನ ದೋಷವೆಂದು ತಿಳಿದು ಮೋಸಹೋಗಿದ್ದಾರೆ.

ಗಂಟೆ ಕೇಳಿದೊಡನೆ ಓಡಿಬಂದು ಸಂಕೇತವನ್ನು ಎತ್ತಿ ಸ್ಮೃತಿಯಲ್ಲಿ ಸಾಲಾಗಿ ಇಡುವ ಸಣ್ಣ ತಂತ್ರಾಂಶವೇ ಚಾಲಕ, ರೂಢಿಯ ಮಾತಿನಲ್ಲಿ ಡ್ರೈವರ್. ಯಂತ್ರದ ಜನ್ಮದತ್ತ ಸೂಚನೆಗಳಲ್ಲಿ ಸರಣಿ ದ್ವಾರಕ್ಕೆ ಏರ್ಪಾಟಿದ್ದರೂ ಅದು ಗಂಟೆಗೆ ಓಗೊಡದೆ, ತಾನೇ ಆಗಾಗ ಬಂದು ನೋಡುವ ಬಗೆಯದು. ಆದುದರಿಂದ ಅಕ್ಷರಗಳು ಕಳೆದುಹೋಗುತ್ತಿದ್ದವು. ಟಾಮ್ ಜೆನ್ನಿಂಗ್ಸ್ ೧೯೮೪ರಲ್ಲಿ ಆರಂಭಿಸಿದ ಫಿಡೋನೆಟ್ ಬಳಗದ ತಂತ್ರಾಂಶಕಾರರು ಈ ಕೊರತೆಯನ್ನು ತುಂಬಲು ‘ಫಾಸಿಲ್’ ಎಂಬ ಸಾಮಾನ್ಯ ಕಟ್ಟಳೆಯನ್ನು ರೂಪಿಸಿದರು. ರೇ ಗ್ವಿನ್ ಅವರ ಎಕ್ಸ್೦೦, ಡೇವಿಡ್ ನ್ಯೂಜೆಂಟ್ ಅವರ ಬಿ.ಎನ್.ಯು. ಎಂಬುವು ಇಂತಹ ಚಾಲಕಗಳು. ಚಾಲಕ ಒಂದಿದ್ದರೆ ಅದರ ಮೇಲೆ ನಡೆಯುವ ತಂತ್ರಾಂಶಗಳು ಬಿಲ್ಲೆಯ ಗೊಡವೆಯನ್ನೇ ಹಚ್ಚಿಕೊಳ್ಳಬೇಕಾಗಿಲ್ಲ. ಆದರೆ ಚಾಲಕ ಸದಾ ಎಚ್ಚರವಾಗಿರಬೇಕಾದುದರಿಂದ ಅದು ಸ್ಮೃತಿಯಲ್ಲಿ ಸದಾ ಮನೆಮಾಡಿಕೊಂಡಿರಬೇಕು. ಸ್ಮೃತಿಯ ಪ್ರಶ್ನೆಗೂ ಮೋಡೆಮ್ಮಿನ ಪ್ರಶ್ನೆಗೂ ಗಂಟುಬೀಳುವುದು ಇಲ್ಲಿಯೇ.

ಮೂರು ಉಪಾಯಗಳು

ಈಗ ಒಂದು ಸ್ಥೂಲ ಲೆಕ್ಕವನ್ನು ನೋಡೋಣ. ಚಾಲಕಗಳ ಗಾತ್ರ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಾದ್ದರಿಂದ ಇದನ್ನು ಪಾಠಕ್ಕೆಂದು ಇಟ್ಟುಕೊಂಡ ಲೆಕ್ಕವೆಂದೇ ತಿಳಿಯಬೇಕು. ೬೪೦ ಕಿಲೋಬೈಟಿನಲ್ಲಿ ಡಾಸಿಗೆ ೬೨, ತಟ್ಟೆಯ ಓದನ್ನು ಚುರುಕುಗೊಳಿಸುವ ತಂತ್ರಾಂಶಕ್ಕೆ ೨೮, ಮೌಸಿಗೆ ೧೬, ಸಿ.ಡಿ. ಓದುವ ಚಾಲಕಗಳಿಗೆ ೩೪, ಸರಣಿ ದ್ವಾರದ ಚಾಲಕಕ್ಕೆ ೧೨. ಒಟ್ಟು ೧೫೨ ಹೋಗಿ ೪೮೮ ಉಳಿಯಿತು. ನಮ್ಮ ತಂತ್ರಾಂಶ ಕೇಳುವುದು ೫೧೦. ಕೊರತೆ ೨೨.

ಇದಕ್ಕೆ ಉಪಾಯಗಳು ಮೂರು: ತ್ಯಾಗ, ಸ್ಥಾನಾಂತರ, ಕ್ರಮ.

ತ್ಯಾಗವೆಂದರೆ ಈ ಹೊತ್ತಿನ ಕೆಲಸಕ್ಕೆ ಬೇಡವಾದುದನ್ನು ಕರೆಯದಿರುವುದು. ಪಾಠ ದಾಟಿಸುವ ಕೆಲಸಕ್ಕೆ ಸಿ.ಡಿ. ಬೇಡ, ಮೌಸ್ ಬೇಡ. ಇವೆರಡನ್ನು ಬಿಟ್ಟರೆ ೫೦ ಉಳಿದು ೫೩೮ ಆಗುತ್ತದೆ. ಎಂ.ಎಸ್. ಡಾಸ್ ೬ರಲ್ಲಿ ಯಂತ್ರ ಏಳುವಾಗಲೇ ಯಾವ ಕೆಲಸಕ್ಕೆ ಯಾವ ಪಟ್ಟಿ ಎಂದು ಆರಿಸಿಕೊಳ್ಳಲು ಸೌಕರ್ಯವಿದೆ. ಆದುದರಿಂದ ಬಿಟ್ಟುದು ಶಾಶ್ವತವಾಗಿ ಹೋಗುವುದಿಲ್ಲ.

ಸ್ಥಾನಾಂತರವೆಂದರೆ ಬೇಕಾದುದನ್ನೇ ಕೆಳಗಿನಿಂದ ಎತ್ತಿ ಮೇಲೆ ಇರಿಸುವುದು. ಡಾಸನ್ನು ಹೈ ಮೆಮೊರಿಗೆ ಕಳುಹಿಸಿದರೆ ಸುಮಾರು ೪೫ ಉಳಿಯಬಹುದು. ಚಾಲಕಗಳನ್ನು ಸಂದುಗಳಿಗೆ ಕಳುಹಿಸಿದರೆ ಇನ್ನಷ್ಟು ಉಳಿಯುತ್ತದೆ. ಎಕ್ಸ್‌ಪ್ಯಾಂಡೆಡ್ ಮೆಮೊರಿಯ ಅಗತ್ಯವಿಲ್ಲದಿದ್ದರೆ ಅದರ ೬೪ ಕಿಲೋಬೈಟಿನ ಕಿಟಕಿಯನ್ನು ಮುಚ್ಚಿ ಆ ಎಡೆಯನ್ನೂ ಚಾಲಕಗಳಿಗೆ ಕೊಡಬಹುದು.

ಕ್ರಮವೆಂಬುದು ಇವೆರಡಕ್ಕಿಂತ ಸೂಕ್ಷ್ಮ. ಕೆಲವು ಚಾಲಕಗಳು ಒಳಬರುವಾಗ ಹೆಚ್ಚು ಎಡೆ ಕೇಳಿ, ಸಿದ್ಧವಾದ ಮೇಲೆ ಮುದುಡಿ ಕೂರುತ್ತವೆ. ಮೇಲೆ ೪೦ ಕಿಲೋಬೈಟಿನ ಒಂದು ಸಂದು ಇದೆಯೆನ್ನೋಣ. ಒಂದು ಚಾಲಕಕ್ಕೆ ಒಳಬರುವಾಗ ೩೮ ಬೇಕು, ಕುಳಿತ ಮೇಲೆ ೧೨ ಸಾಕು. ಇನ್ನೊಂದಕ್ಕೆ ಬರುವಾಗಲೂ ಕುಳಿತಾಗಲೂ ೨೦. ಎರಡನೆಯದನ್ನು ಮೊದಲು ಕೂರಿಸಿದರೆ ಉಳಿಯುವುದು ೨೦; ಮೊದಲನೆಯದು ಬಾಗಿಲಲ್ಲೇ ನಿಂತು ಹಿಂದಿರುಗುತ್ತದೆ. ಮೊದಲನೆಯದನ್ನೇ ಮೊದಲು ಕರೆದರೆ ಅದು ೧೨ರಲ್ಲಿ ಮುದುಡಿಕೊಂಡು ೨೮ ಉಳಿಸುತ್ತದೆ. ಅಲ್ಲಿ ೨೦ರದು ಸುಖವಾಗಿ ಕೂರುತ್ತದೆ. ಸಂದೂ ಅದೇ, ಚಾಲಕಗಳೂ ಅವೇ, ಬೇರೆಯಾದುದು ಕ್ರಮವೊಂದೇ. ಜಾತ್ರೆಯ ದಿನ ಮಠದ ಅತಿಥಿಗೃಹವನ್ನು ನೋಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟುಮೂಟೆಯ ದೊಡ್ಡ ಬಳಗವನ್ನು ಮೊದಲು ಒಳಗೆ ಕರೆದು, ಅವರು ಸಾಮಾನು ಬಿಚ್ಚಿ ಮೂಲೆ ಹಿಡಿದ ಮೇಲೆ, ಕೈಚೀಲದವರನ್ನು ಕರೆಯುತ್ತಾರೆ. ೧೯೯೩ರ ಎಂ.ಎಸ್. ಡಾಸ್ ೬.೦ರಲ್ಲಿ ‘ಮೆಮ್‌ಮೇಕರ್’ ಎಂಬ ಸಾಧನ ಈ ಕ್ರಮಗಳನ್ನು ತಾನೇ ಲೆಕ್ಕಹಾಕಿ ಒಳ್ಳೆಯದನ್ನು ಆರಿಸುತ್ತಿತ್ತು.

ಸ್ಥಳದ ಉಳಿತಾಯ, ಕಾಲದ ನಷ್ಟ

ನಾವು ಮೊದಲ ಯತ್ನದಲ್ಲಿ ಯಾವುದನ್ನೂ ಬಿಡದೆ ಎಲ್ಲವನ್ನೂ ಮೇಲಿನ ಸಂದುಗಳಿಗೆ ತುಂಬಿದೆವು. ತಂತ್ರಾಂಶ ಎದ್ದಿತು. ಸೆಕೆಂಡಿಗೆ ೩೮,೪೦೦ ಬಿಟ್‌ಗಳ ವೇಗದಲ್ಲಿ ಪಾಠವನ್ನು ಹಾಗೆಯೇ ಹರಿಯಬಿಟ್ಟೆವು. ಬಂದ ಪಾಠವನ್ನು ಹೊಸ ಯಂತ್ರದಲ್ಲಿ ಓದಿದಾಗ ಒಂದೆಡೆ ‘ಶಿವ’ ಎಂದಿರಬೇಕಾದಲ್ಲಿ ‘ಶವ’ ಎಂದಿತ್ತು.

ಇದು ಹೇಗಾಯಿತೆಂದರೆ, ಭಾರತೀಯ ಲಿಪಿಗಳಿಗಾಗಿ ೧೯೯೧ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಪದ್ಧತಿಯಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಬೇರೊಂದು ಸಂಕೇತ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಸಂಕೇತಗಳು ಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಹಲಗೆಯ ಮೂಲಕ ನಾವು ಒತ್ತಿದ ಪಾಠವೆಲ್ಲ ಈ ಪದ್ಧತಿಯದು. ಒಂದು ಸಂಕೇತ ಜಾರಿದರೆ ಗುಡಿಸು ಹೋಯಿತು, ಶಿವ ಶವವಾಯಿತು. ಕಣ್ತಪ್ಪಿದರೆ ಮುಂದಿನವರು ಅದನ್ನೇ ಪಾಠಾಂತರವೆಂದು ಭ್ರಮಿಸುತ್ತಿದ್ದರು.

ಸಂಕೇತ ಜಾರಿದ್ದೇಕೆ? ಒಂದು ಸಂಕೇತಕ್ಕೆ ಆದಿ ಅಂತ್ಯದ ಗುರುತುಗಳೂ ಸೇರಿ ೧೦ ಬಿಟ್‌ಗಳು. ೩೮,೪೦೦ರ ವೇಗದಲ್ಲಿ ಸೆಕೆಂಡಿಗೆ ೩,೮೪೦ ಸಂಕೇತಗಳು ಬರುತ್ತವೆ; ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಕ್ಕುವುದು ಸೆಕೆಂಡಿನ ದಶಲಕ್ಷದ ೨೬೦ ಭಾಗ ಮಾತ್ರ. ನಮ್ಮ ಯಂತ್ರದ ಬಿಲ್ಲೆ ಒಂದೇ ಸಂಕೇತವನ್ನು ಹಿಡಿಯುವ ಹಳೆಯದು. ಇದರ ಮೇಲೆ ಇಎಂಎಂ೩೮೬ ಇರುವಾಗ ಸಂಸ್ಕಾರಕ ಬೇರೊಂದು ಸ್ಥಿತಿಯಲ್ಲಿ ನಡೆಯುತ್ತದೆ. ಪ್ರತಿಯೊಂದು ಗಂಟೆಯೂ ಮೊದಲು ಆ ಸ್ಮೃತಿಪಾಲಕನ ಕೈಗೆ ಹೋಗಿ ಆಮೇಲೆ ಚಾಲಕಕ್ಕೆ ತಲುಪುತ್ತದೆ. ಆ ಕ್ಷಣಾರ್ಧದ ತಡದಲ್ಲಿ ಗುಡಿಸು ಬಿದ್ದುಹೋಗಿತ್ತು. ಸ್ಥಳವನ್ನು ಉಳಿಸಹೋಗಿ ನಾವು ಕಾಲವನ್ನು ಕಳೆದುಕೊಂಡಿದ್ದೆವು.

ಎರಡನೆಯ ಯತ್ನದಲ್ಲಿ ಇನ್ನೊಂದು ತಪ್ಪು ಮಾಡಿದೆವು. ಇಂಗ್ಲಿಷ್ ಅಕ್ಷರಗಳಿಗೆ ೭ ಬಿಟ್ ಸಾಕಾದುದರಿಂದ ಹಳೆಯ ತಂತ್ರಾಂಶಗಳಲ್ಲಿ ಅಂತಹ ಏರ್ಪಾಟಿಗೂ ಅವಕಾಶವಿತ್ತು. ಅದನ್ನು ನೋಡದೆ ಕಳುಹಿಸಿದಾಗ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಅಂಕಿ, ಗುರುತುಗಳ ರಾಶಿಯಾಗಿ ಬಂದಿತು. ಇಸ್ಕಿಯಲ್ಲಿ ಭಾರತೀಯ ಲಿಪಿಗಳ ಸಂಕೇತಗಳೆಲ್ಲ ೮ನೆಯ ಬಿಟ್ ಇದ್ದರೆ ಮಾತ್ರ ಉಳಿಯುತ್ತವೆ. ಕನ್ನಡವನ್ನು ದಾಟಿಸುವವರು ೮ ಬಿಟ್ ಏರ್ಪಾಟನ್ನೇ ಇಟ್ಟುಕೊಳ್ಳತಕ್ಕದ್ದು.

ಮೂರನೆಯ ಸಲ ತ್ಯಾಗದಿಂದ ಮೊದಲುಮಾಡಿದೆವು. ಸಿ.ಡಿ., ಮೌಸ್, ತಟ್ಟೆಯ ಚುರುಕು, ಇಎಂಎಂ೩೮೬ ಎಲ್ಲವನ್ನೂ ಬಿಟ್ಟೆವು. ಹೈಮೆಮ್ ಒಂದನ್ನು ಇಟ್ಟುಕೊಂಡು ಡಾಸನ್ನು ಮೇಲೆ ಕೂರಿಸಿ, ಫಾಸಿಲ್ ಚಾಲಕವನ್ನು ಕೆಳಗೇ ಇರಿಸಿದೆವು. ವೇಗವನ್ನು ೯,೬೦೦ಕ್ಕೆ ಇಳಿಸಿದೆವು. ಸಂಕೇತಕ್ಕೂ ಸಂಕೇತಕ್ಕೂ ನಡುವೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಬಿಡುವು ದೊರೆಯಿತು. ಪಾಠವನ್ನು ಸುಮ್ಮನೆ ಹರಿಯಬಿಡದೆ ತಾಳೆನೋಡುವ ಪದ್ಧತಿಯನ್ನು ಹಿಡಿದೆವು. ವಾರ್ಡ್ ಕ್ರಿಸ್ಟೆನ್‌ಸನ್ ೧೯೭೭ರಲ್ಲಿ ರೂಪಿಸಿದ ಎಕ್ಸ್‌ಮೋಡೆಮ್ ಪದ್ಧತಿಯಲ್ಲಿ ೧೨೮ ಸಂಕೇತಗಳ ಒಂದೊಂದು ಕಂತಿಗೂ ಒಂದು ಮೊತ್ತವನ್ನು ಕೂಡಿಸಿ ಕಳುಹಿಸುತ್ತಾರೆ. ಪಡೆದವರ ಮೊತ್ತ ಹೊಂದದಿದ್ದರೆ ಆ ಕಂತನ್ನು ಮತ್ತೆ ತರಿಸಿಕೊಳ್ಳುತ್ತಾರೆ. ಚಕ್ ಫೋರ್ಸ್‌ಬರ್ಗ್ ಅವರ ೧೯೮೬ರ ಝಡ್‌ಮೋಡೆಮ್ ಇದಕ್ಕಿಂತ ಬಿಗಿಯಾದುದು. ನಡುವೆ ಕಡಿದರೆ ಕಡಿದಲ್ಲಿಂದಲೇ ಮುಂದುವರಿಯಬಲ್ಲದು. ನಾವು ಇದನ್ನು ಬಳಸಿದೆವು. ಪಾಠ ಅಕ್ಷರಲೋಪವಿಲ್ಲದೆ ಬಂದಿತು. ಅದನ್ನು ಫ್ಲಾಪಿಯ ಮೂಲಕ ಹೊಸ ಯಂತ್ರಕ್ಕೆ ತಂದು ಯೂನಿಕೋಡಿಗೆ ಪರಿವರ್ತಿಸಿದೆವು. ಯೂನಿಕೋಡಿನ ಭಾರತೀಯ ಲಿಪಿಗಳ ಜೋಡಣೆ ಇಸ್ಕಿಯ ೧೯೮೮ರ ರೂಪವನ್ನೇ ಆಧರಿಸಿರುವುದರಿಂದ ಈ ಕೆಲಸ ಕಷ್ಟವಾಗಲಿಲ್ಲ.

ಉಪಸಂಹಾರ

ಈ ಪ್ರಸಂಗದಿಂದ ನಾನು ಕಲಿತುದು ಇಷ್ಟು. ಕೊರತೆಯೆಂದು ನಾವು ಕರೆಯುವುದು ಹಲವೆಡೆ ವಸ್ತುವಿನ ಕೊರತೆಯಲ್ಲ, ಜೋಡಣೆಯ ಕೊರತೆ. ೪ ಮೆಗಾಬೈಟ್ ಇದ್ದ ಯಂತ್ರ ೨೨ ಕಿಲೋಬೈಟಿಗಾಗಿ ನಿಂತುಹೋಗಿತ್ತು. ಜೋಡಣೆಗಿಂತಲೂ ಮೊದಲು ಮಾಡಬೇಕಾದುದು ಬೇಡವಾದುದನ್ನು ಬಿಡುವುದು. ನಾವು ಮೊದಲು ಎಲ್ಲವನ್ನೂ ಇಟ್ಟುಕೊಳ್ಳುವ ಆಸೆಯಿಂದ ಜಾಣತನದಿಂದ ತುಂಬಿ, ತುಂಬಿದ ಜಾಣತನದಿಂದಲೇ ಅಕ್ಷರ ಕಳೆದುಕೊಂಡೆವು. ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು ಎಲೆಯಲ್ಲಿ ಅಗುಳೂ ಉಳಿಸಬಾರದೆಂದು ನಮ್ಮ ಪ್ರಸಾದ ನಿಲಯದ ಮಕ್ಕಳಿಗೆ ದಿನವೂ ಹೇಳುವ ಮಾತನ್ನು ನಾನು ಆ ಯಂತ್ರದ ಮುಂದೆ ಹೊಸದಾಗಿ ಕಲಿಯಬೇಕಾಯಿತು.

ಕಡೆಯದಾಗಿ ಒಂದು ವಿಜ್ಞಾಪನೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅನೇಕ ವಿದ್ಯಾಸಂಸ್ಥೆಗಳಲ್ಲಿ, ಮುದ್ರಣಾಲಯಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ ಕನ್ನಡದ ಪಾಠಗಳು ಇಂತಹ ಯಂತ್ರಗಳಿಗೆ ಏರಿರಬಹುದು. ಅಟ್ಟದ ಮೇಲಿರುವ ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಅದರೊಳಗೆ ಏನಿದೆಯೆಂದು ದಯಮಾಡಿ ನೋಡಿಸಿರಿ. ಈ ವಿದ್ಯೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೆ ಬಂದು ಮಕ್ಕಳಿಗೆ ತೋರಿಸಿಕೊಟ್ಟರೆ ಉಪಕಾರವಾದೀತು. ಹೊಸ ಯಂತ್ರಗಳನ್ನು ಕೊಡಲಿಚ್ಛಿಸುವ ದಾನಿಗಳು, ನಡೆಯುವ ಸ್ಥಿತಿಯಲ್ಲಿರುವ ಹಳೆಯದೊಂದನ್ನೂ ಅದರ ತಂತಿಗಳೊಡನೆ ಕೊಟ್ಟರೆ ಅದು ಕಿರಿದಾದ ದಾನವಲ್ಲ. ಗರಿಯಲ್ಲಿದ್ದುದನ್ನು ಹುಳು ತಿಂದಾಗ ನಾವು ಅಸಹಾಯಕರಾಗಿದ್ದೆವು. ಯಂತ್ರದಲ್ಲಿರುವುದನ್ನು ಉಳಿಸಿಕೊಳ್ಳುವ ವಿದ್ಯೆಯೂ ಸಾಧನವೂ ಇಂದು ನಮ್ಮ ನಡುವೆಯೇ ಇವೆ. ಅವು ಇರುವಾಗಲೇ ಈ ಕಾಯಕವನ್ನು ಮಾಡಿ ಮುಗಿಸೋಣ.